ಊದಿ ತಿನ್ನುವಷ್ಟು ದೂರ

ನಮ್ಮ ಊರಿನಲ್ಲಿ ಚಹಾಪುಡಿ ತಂದ ದಿನ ಹಿತ್ತಲಿಗೆ ಹೋಗುವವರು ಚಪ್ಪಲಿ ಹಾಕಿಕೊಂಡು ಹೋಗುತ್ತಾರೆ. ಹಿತ್ತಲು ಅಂದು ಸ್ವಲ್ಪ ದೂರವಿರುತ್ತದೆ. ಹಿಂಬಾಗಿಲಿಗೂ ಗೋಡೆಗೂ ನಡುವೆ ಆ ಪುಡಿ ಬೆಳೆದ ನೆಲ ಬಂದು ಕೂತಿರುತ್ತದೆ, ಗುಡ್ಡದ ಇಳಿಜಾರು, ಸೊಂಟದೆತ್ತರದ ಗಿಡ, ಮೇಲಿಷ್ಟು ಮಂಜು ಸಹಿತ. ಪುಡಿ ಕರಗಿದಂತೆ ನೆಲವೂ ಕರಗುತ್ತದೆ. ಡಬ್ಬಿ ಖಾಲಿಯಾದ ಮರುದಿನ ಎದ್ದು ನೋಡಿದರೆ ಗೋಡೆ ತನ್ನ ಜಾಗದಲ್ಲಿರುತ್ತದೆ, ಬಟ್ಟೆ ಒಣಹಾಕುವ ಹಗ್ಗ ಮತ್ತೆ ಜೋತುಬಿದ್ದಿರುತ್ತದೆ.

ಇದು ಹೊರಗಿನಿಂದ ಬಂದ ಸಾಮಾನಿಗೆ ಮಾತ್ರ ಇರುವ ಗುಣ. ನಮ್ಮ ಜೋಳ, ಬದನೆಕಾಯಿ, ಶೇಂಗಾ ಏನನ್ನೂ ತರುವುದಿಲ್ಲ. ಅವುಗಳ ನೆಲ ಊರ ಸುತ್ತ ಮೊದಲೇ ಬಿದ್ದುಕೊಂಡಿದೆ. ಪೇಟೆಯ ಎಣ್ಣೆ ಡಬ್ಬಿ ತಂದರೆ ತಾಳೆಮರಗಳ ಒಂದು ಚೌಕ ಬರುತ್ತದೆ. ಚಾಕಲೇಟು ತಂದರೆ ಚಾಪೆಯಗಲದ ನೆರಳು. ಶಾಲೆ ಶುರುವಾದಾಗ ಮಕ್ಕಳಿರುವ ಮನೆಗಳ ಹಿಂದೆಲ್ಲ ನೋಟುಪುಸ್ತಕದ ಮರಗಳು. ಸಾಮಾನನ್ನು ಯಾರು ಬಳಸುತ್ತಾರೋ ನೆಲ ಅವರ ಬೆನ್ನು ಹತ್ತುತ್ತದೆ. ಒಮ್ಮೆ ಪಕ್ಕದ ಮನೆಯ ಕಾಶವ್ವ ಪಾಯಸಕ್ಕೆಂದು ನನ್ನಿಂದ ಒಂದು ಬಟ್ಟಲು ಸಕ್ಕರೆ ಕಡ ಒಯ್ದಳು. ಎರಡು ಸಾಲು ಕಬ್ಬು ಗೋಡೆ ದಾಟಿ ಅವಳ ಹಿತ್ತಲಿಗೆ ಹೋದವು. ಅದನ್ನು ಮೇಯುತ್ತಿದ್ದ ನನ್ನ ಆಡೂ ಜೊತೆಯಲ್ಲೇ ಹೋಯಿತು.

ಹೀಗಾಗಿ ನಮ್ಮಲ್ಲಿ ರೀತಿ ರಿವಾಜು ಬಹಳ. ಯಾರ ಮನೆಗೆ ಹೋದರೂ ನಮ್ಮ ಮಣೆಯನ್ನು ನಾವೇ ಬಗಲಲ್ಲಿ ಹಿಡಿದುಕೊಂಡು ಹೋಗುತ್ತೇವೆ, ಬೇವಿನ ಮಣೆ, ಇಲ್ಲಿಯದೇ ಮರ. ಚಹಾ ಕುಡಿಯುವ ಆಸೆಯಿದ್ದರೆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತೇವೆ. ಇನ್ನೊಬ್ಬರ ಪೀಠದ ಮೇಲೆ ಕೂಡುವುದು, ಇನ್ನೊಬ್ಬರ ಪಾತ್ರೆಗೆ ಕೈ ಹಾಕುವುದು, ಅವರ ನೆಲಕ್ಕೆ ಕಣ್ಣು ಹಾಕಿದಂತೆ. ಹುಟ್ಟಿದ ಮಗುವಿಗೆ ತೊಟ್ಟಿಲಿಗಿಂತ ಮೊದಲು ಮಣೆ ಮಾಡಿಸುವ ಊರು ನಮ್ಮದು. ಈ ಶಿಸ್ತಿನ ಬಗ್ಗೆ ನಮಗೆಲ್ಲ ಹೆಮ್ಮೆ, ನನಗಂತೂ ಒಂದು ಕೈ ಹೆಚ್ಚು. ನಮ್ಮ ಹಿತ್ತಲು ಓಣಿಯಲ್ಲೇ ಅತಿ ಸಣ್ಣದು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಯಾರ ಮನೆ ಎಷ್ಟು ಅಗಲವಾಯಿತು ಎಂದು ನೋಡಲು ನಮ್ಮಲ್ಲಿ ಹಗ್ಗವಿಲ್ಲ, ಸರಪಳಿಯಿಲ್ಲ. ಬಟ್ಟಲಿದೆ. ಸುಗ್ಗಿ ಮುಗಿದ ಮೇಲೆ ಒಂದು ದಿನ ಪ್ರತಿ ಮನೆಯವರೂ ತಮ್ಮ ಒಲೆಯಿಂದ ಇಳಿಸಿದ ಪಲ್ಯವನ್ನು ಬಟ್ಟಲಿಗೆ ಹಾಕಿ, ಹಿತ್ತಲು ಹಾದು ಪಕ್ಕದ ಮನೆಗೆ ಒಯ್ಯಬೇಕು. ಅಲ್ಲಿ ಓಣಿಯ ಹಿರಿಯ ಕೂತಿರುತ್ತಾನೆ. ಅವನು ಮೊದಲ ತುತ್ತು ಎತ್ತುತ್ತಾನೆ. ಊದಿ ತಿಂದರೆ ಬಟ್ಟಲು ಬಂದು ಮುಟ್ಟಿದ ಆ ಮನೆಯವರು ಓಣಿಯವರು, ಊದದೆ ತಿಂದರೆ ಹೊರಗಿನವರು. ಪಲ್ಯ ಆರುವಷ್ಟು ದೂರವಿದ್ದವನು ನೆರೆಯವನು ಹೇಗಾದಾನು? ನಮ್ಮ ಹಿರಿಯರು ಯೋಚಿಸಿದ್ದು ಇಷ್ಟೇ.

ಹೊರಗಾದವರ ಮನೆ ಅಗಸಿಯಾಚೆ, ಊರಬಾಗಿಲಿನ ಹೊರಗೆ, ಸರಿಯುತ್ತದೆ. ಅಲ್ಲಿರುವವರನ್ನು ಅಗಲ ಮಂದಿ ಎನ್ನುತ್ತೇವೆ. ಅವರ ಹಪ್ಪಳ ಲಟ್ಟಿಸಲು ಓಣಿಯ ಹೆಂಗಸರು ಹೋಗುವುದಿಲ್ಲ, ಹೋಗಬಾರದು ಎಂದಲ್ಲ, ಹೋಗಿ ಮುಟ್ಟುವಷ್ಟರಲ್ಲಿ ಹಿಟ್ಟು ಹುಳಿಯಾಗಿರುತ್ತದೆ. ಅಲ್ಲಿನ ಗದಿಗೆಪ್ಪ ಸಾಹುಕಾರರಿಗೆ ಪರದೇಶದ ಚೀಸಿನ ಹುಚ್ಚು. ಅವರ ಅಡುಗೆಮನೆಗೂ ಪಡಸಾಲೆಗೂ ನಡುವೆ ದೊಡ್ಡದೊಂದು ಹುಲ್ಲುಗಾವಲಿದೆ, ಕೊರಳಿಗೆ ಗಂಟೆ ಕಟ್ಟಿದ ಆಕಳುಗಳಿವೆ. ಮಧ್ಯಾಹ್ನದ ಊಟಕ್ಕೆ ಅವರು ಉಪ್ಪು ಕೇಳಿದರೆ ಹೆಂಡತಿ ರಾತ್ರಿಯ ಊಟಕ್ಕೆ ತಂದುಕೊಡುತ್ತಾರಂತೆ. ಪಾಪ, ಇಬ್ಬರೂ ಒಳ್ಳೆಯವರು.

ನಾನು ಮತ್ತು ಕಾಶವ್ವ ಒಂದೇ ಸುಗ್ಗಿಯಲ್ಲಿ ಈ ಓಣಿಗೆ ಸೊಸೆಯರಾಗಿ ಬಂದವರು. ನಡುವೆ ಒಂದು ಗೋಡೆ. ಅವಳ ಕೈಯ ಎಣಗಾಯಿ, ಅದೇ ಮಸಾಲೆ ತುಂಬಿದ ಬದನೆಕಾಯಿ ಪಲ್ಯ, ಈ ಕಡೆ ಬರುವುದು, ನನ್ನ ಬಿಸಿ ರೊಟ್ಟಿ ಆ ಕಡೆ ಹೋಗುವುದು, ಇದು ಒಂದು ದಿನವೂ ತಪ್ಪಿರಲಿಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಬಟ್ಟಲು ಗೋಡೆಯ ಮೇಲೆ ಬಂದು ಕೂಡುತ್ತಿತ್ತು, ಸ್ವಲ್ಪ ಜೋರಾಗಿ. ಅವಳ ಮಗ ಈರಣ್ಣ ಬಡಿಗ. ಓಣಿಯ ಮಣೆಗಳೆಲ್ಲ ಅವನ ಕೈಯವೇ. ಅವನಿಗೆ ದೂರದ ಬಂದರಿನ ಊರಿನಿಂದ ಹೆಣ್ಣು ತಂದರು. ಹುಡುಗಿಯ ಹೆಸರು ಜಯಶೀಲಾ. ಅವಳ ಅಪ್ಪ ಮೌನೇಶಪ್ಪನವರೂ ಬಡಿಗರು, ಹಡಗಿನಲ್ಲಿ ಬಂದಿಳಿಯುವ ಕಟ್ಟಿಗೆಯಲ್ಲಿ ಕೆಲಸ ಮಾಡಿ ಹೆಸರು ಪಡೆದವರು. ಅವರ ಊರಿನಲ್ಲಿ ನೆಲ ಎದ್ದು ಯಾರ ಹಿಂದೆಯೂ ಹೋಗುವುದಿಲ್ಲ, ಇದ್ದಲ್ಲೇ ಇರುತ್ತದಂತೆ. ಅಂಥ ಊರಿನವರಿಗೆ ನಮ್ಮ ಸಂಗತಿ ಹೇಗೆ ಹೊಳೆಯಬೇಕು? ಹೇಳಬೇಕೆಂದು ನಮ್ಮವರಿಗೂ ಹೊಳೆಯಲಿಲ್ಲ.

ಮದುವೆಯಾದ ವಾರದಲ್ಲಿ ಒಂದು ಲಾರಿ ಬಂತು. ಅದರಲ್ಲಿ ಊಟದ ಟೇಬಲ್ಲು ಮತ್ತು ಕುರ್ಚಿಗಳು. ಅಂಥ ಕೆಲಸವನ್ನು ನಾನು ನೋಡಿರಲಿಲ್ಲ. ಟೇಬಲ್ಲಿನ ಅಂಚಿಗೆಲ್ಲ ಬಳ್ಳಿ, ಬಳ್ಳಿಯಲ್ಲಿ ಮೊಗ್ಗು, ಕುರ್ಚಿಗಳ ಬೆನ್ನಿಗೆ ಒಂದೊಂದು ಹಕ್ಕಿ, ಒಂದರಂತೆ ಇನ್ನೊಂದಿಲ್ಲ. ಇದು ಮುಗಿದ ಮೇಲೆ ಮೌನೇಶಪ್ಪನವರ ಕೈ ನಡುಗತೊಡಗಿ ಅವರು ಮತ್ತೆ ಉಳಿ ಹಿಡಿಯಲಿಲ್ಲವಂತೆ. ಮಗಳು ದಿನಾ ಇದರ ಮೇಲೆ ಉಣ್ಣಲಿ ಎಂಬುದೊಂದೇ ಅವರ ಮಾತು. ಲಾರಿಯವರು ಕೊನೆಯ ಕುರ್ಚಿ ಇಳಿಸಿದರು, ಜಯಶೀಲಾ ಅದರ ಮೇಲೆ ಕೂತಳು, ಹಿಂದೆ ಕಾಡು ಬಂತು.

ಅದು ಹಿತ್ತಲಿನ ಅಲಂಕಾರಕ್ಕೆ ಬರುವಂಥ ಕಾಡಲ್ಲ. ತಲೆಯೆತ್ತಿ ನೋಡಿದರೆ ಸೆರಗು ಜಾರಬೇಕು, ಅಂಥ ಮರಗಳು. ಹೆಸರು ಯಾರಿಗೂ ತಿಳಿಯದು. ಒಳಗೆ ಕತ್ತಲೆ, ಜೀರುಂಡೆಯ ಸದ್ದು, ಊರೆಲ್ಲ ಬಿಸಿಲಿದ್ದರೂ ಅಲ್ಲಿ ಮಾತ್ರ ಮಧ್ಯಾಹ್ನದ ಮಳೆ. ಕಾಶವ್ವನ ಹಿಂಬಾಗಿಲಿನಿಂದ ನೋಡಿದರೆ ನಮ್ಮಿಬ್ಬರ ನಡುವಿನ ಗೋಡೆ ಕಾಡಿನ ಆಚೆ ಎಲ್ಲೋ ಹೋಗಿತ್ತು. ಕೂಗಿದರೆ ಅವಳಿಗೆ ಕೇಳಿಸದು, ನಡುವೆ ಯಾವುದೋ ಹಕ್ಕಿ ನನ್ನ ದನಿಯನ್ನು ಅಣಕಿಸಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನದ ಎಣಗಾಯಿ ಬರುತ್ತಿತ್ತು, ಆದರೆ ತಣ್ಣಗೆ, ಮೇಲೊಂದು ಎಲೆ ಬಿದ್ದು. ನನಗೆ ಅಳು ಬಂತು ಎಂದರೆ ನಗಬೇಡಿ. ಆರಿದ ಎಣಗಾಯಿ ತಿಂದು ಅತ್ತವಳು ನಾನೊಬ್ಬಳೇ ಇರಬೇಕು.

ಚಹಾಪುಡಿಯಾದರೆ ಖಾಲಿಯಾದೀತು. ಟೇಬಲ್ಲು ಖಾಲಿಯಾಗುವುದು ಯಾವಾಗ? ಈರಣ್ಣನೇ ಮುಟ್ಟಿ ನೋಡಿ ಹೇಳಿದ, ಇದು ಮೊಮ್ಮಕ್ಕಳ ಮೊಮ್ಮಕ್ಕಳ ತನಕ ಬರುವ ಕಟ್ಟಿಗೆ ಎಂದು. ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಮಾರಿಬಿಡಿ ಎಂದರು, ಕಾಡು ಸಮೇತ ಕೊಳ್ಳುವವರು ಯಾರು? ಒಡೆದು ಒಲೆಗೆ ಹಾಕಿ ಎಂದರು. ಎಲ್ಲರಿಗಿಂತ ಜೋರಾಗಿ ಹಾಗೆ ಹೇಳಿದವಳು ನಾನೇ, ಮುಚ್ಚಿಡುವುದೇಕೆ. ಜಯಶೀಲಾ ಕೂಡ ತಾನೇ ಕೊಡಲಿ ತಂದು ಅತ್ತೆಯ ಮುಂದಿಟ್ಟಳಂತೆ, ಕಣ್ಣು ಕೆಳಗೆ ಹಾಕಿ. ಕಾಶವ್ವ ಆ ಕೊಡಲಿಯನ್ನು ಒಯ್ದು ಬಾವಿಗೆ ಹಾಕಿದಳು. ಮರುದಿನ ಕಾಡು ದಾಟಿ ನನ್ನ ಮನೆಗೆ ಬಂದು, ಮಣೆ ಹಾಕಿಕೊಂಡು ಕೂತು ಹೇಳಿದಳು.

"ಅಪ್ಪ ಕಡೀಗೆ ಮಾಡಿದ್ದನ್ನ ಒಡದು ಒಲಿಗೆ ಹಾಕಿದ್ರ, ಆ ಹುಡುಗಿ ನಮ್ಮ ಮನ್ಯಾಗ ಮತ್ತ ಹೆಂಗ ನಗ್ತಾಳ, ಪಾರೂ? ಹೊರಗ ಹಾಕಿದ್ರ ಹಾಕ್ಲಿ. ಹೋಗ್ತೀವಿ."

"ಹೋಗಿ ಯಾರಿಗೆ ಕೊಡ್ತಿ ಎಣಗಾಯಿ, ಗದಿಗೆಪ್ಪನ ಆಕಳಿಗೇನು?" ಎಂದೆ ನಾನು. ಅವಳು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಬಟ್ಟಲ ದಿನಕ್ಕೆ ಇನ್ನೂ ಸಮಯವಿತ್ತು. ನನ್ನ ಒಲೆಯಿಂದ ಕಾಶವ್ವನ ಮನೆಗೆ ಬಟ್ಟಲು ಒಯ್ಯಬೇಕಾದವಳು ನಾನು. ಬಿಸಿ ಉಳಿಸುವ ವಿದ್ಯೆಯನ್ನೆಲ್ಲ ಕಲಿಯಲು ಹೊರಟೆ. ಕಂಬಳಿ ಸುತ್ತಿ ಒಯ್ದೆ, ಬಟ್ಟಲಿಗಿಂತ ನಾನೇ ಹೆಚ್ಚು ಬೆವೆತೆ. ಹಿತ್ತಾಳೆಯ ಬಟ್ಟಲು, ಕಲ್ಲಿನ ಮರಿಗೆ, ಮಣ್ಣಿನ ಕುಡಿಕೆ, ಒಂದೂ ಬಿಡಲಿಲ್ಲ. ಈರಣ್ಣ ಒಮ್ಮೆ ಓಡಿ ನೋಡಿದ. ಬೇರಿಗೆ ಎಡವಿ ಬಿದ್ದ, ಅವನ ಅಂಗಿಯ ಮೇಲೆ ಬದನೆಕಾಯಿ ಮಾತ್ರ ಬಿಸಿಯಾಗಿತ್ತು. ಕೆಳಗೆ ಕೆಂಡ ಇಟ್ಟು ಒಯ್ಯೋಣವೆಂದರೆ ಓಣಿಯ ಹಿರಿಯ ಮಲಕಾಜಪ್ಪನವರು ಒಪ್ಪಲಿಲ್ಲ. ಮುಚ್ಚಳ ಹಾಕಬಹುದು, ಕೆಂಡ ಇಡಬಾರದು, ಇದು ಅವರ ಅಜ್ಜನ ಕಾಲದ ಕಟ್ಟಳೆ. ಅವರು ಕೆಟ್ಟವರಲ್ಲ. ತಮ್ಮ ಸ್ವಂತ ಅಳಿಯನ ಮನೆಯಲ್ಲೇ ಊದದೆ ತಿಂದು, ತೀರ್ಪು ಹೇಳಿ, ಮನೆಗೆ ಬಂದು ಉಪವಾಸ ಮಲಗಿದ್ದವರು.

ಬಟ್ಟಲ ದಿನ ಬಂತು. ಕಾಶವ್ವನ ಮನೆಯಲ್ಲಿ ಓಣಿಯೇ ನೆರೆದಿತ್ತಂತೆ, ಎಲ್ಲರೂ ತಮ್ಮ ತಮ್ಮ ಮಣೆಯ ಮೇಲೆ, ಟೇಬಲ್ಲಿನ ಸುತ್ತ ನೆಲದಲ್ಲಿ. ಮೇಲೆ ಕುರ್ಚಿಗಳು ಖಾಲಿ. ನಾನು ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಎಣಗಾಯಿಯನ್ನು ಬಟ್ಟಲಿಗೆ ಹಾಕಿ, ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಹೊರಟೆ. ಕಾಡಿನ ಅರ್ಧಕ್ಕೆ ಬರುವಾಗ ಆ ಹಾಳು ಮಳೆ ಶುರುವಾಯಿತು. ಸೆರಗನ್ನು ಬಟ್ಟಲಿಗೆ ಹೊದಿಸಿ ನಾನು ನೆನೆದೆ. ಮಂಡಿ ಹಿಡಿದುಕೊಂಡಿತು. ನಿಲ್ಲುವಂತಿಲ್ಲ, ಓಡುವಂತಿಲ್ಲ. ಕೈಗೆ ಮೊದಲು ಸುಡುತ್ತಿದ್ದ ಬಟ್ಟಲು ಹಿತವಾಯಿತು, ಆಮೇಲೆ ಏನೂ ಅನ್ನಿಸದಾಯಿತು. ನನ್ನ ಗೆಳತಿ ನನ್ನ ಕೈಯಲ್ಲೇ ಆರುತ್ತಿದ್ದಾಳೆ ಅನ್ನಿಸಿತು.

ಒಳಗೆ ಹೋಗಿ ಬಟ್ಟಲನ್ನು ಮಲಕಾಜಪ್ಪನವರ ಮುಂದಿಟ್ಟೆ. ಕಾಲು ಕುಸಿಯಿತು. ಎರಡೂ ಕೈಯಲ್ಲಿ ಬಟ್ಟಲು ಹಿಡಿದದ್ದರಿಂದ ಅಂದು ನನ್ನ ಬಗಲಲ್ಲಿ ಮಣೆ ಇರಲಿಲ್ಲ. ಹತ್ತಿರ ಇದ್ದದ್ದು ಕುರ್ಚಿ. ಕೂತುಬಿಟ್ಟೆ. ಮೊಣಕೈಯನ್ನು ಟೇಬಲ್ಲಿನ ಮೇಲೂ ಊರಿದೆ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹಿತ್ತಲು ಸಣ್ಣದು ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಪಾರವ್ವ ಪರರ ಕುರ್ಚಿಯ ಮೇಲೆ ಕೂತದ್ದನ್ನು ಅವರು ಜನ್ಮದಲ್ಲಿ ಕಾಣುವೆವೆಂದು ಎಣಿಸಿರಲಿಲ್ಲ.

ಮಲಕಾಜಪ್ಪನವರು ತುತ್ತು ಎತ್ತಿದರು. ಬಾಯ ಹತ್ತಿರ ಒಯ್ದು ಸ್ವಲ್ಪ ಹೊತ್ತು ಹಿಡಿದರು, ಊದಲು ಏನಾದರೂ ನೆಪ ಸಿಕ್ಕೀತೇ ಎನ್ನುವಂತೆ. ಸಿಗಲಿಲ್ಲ. ಊದದೆ ತಿಂದರು. ಕಾಶವ್ವ ಮುಖ ತೋರಿಸಲಾರದೆ ಎದ್ದು ಹಿಂಬಾಗಿಲಿಗೆ ಹೋಗಿ ಹೊರಗೆ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕರೆದಳು.

"ಪಾರೂ, ಬಚ್ಚಲದ ಹತ್ತರಿದ್ದ ದೊಡ್ಡ ಮರ ಕಾಣವಲ್ದು."

ನಾವೆಲ್ಲ ಕತ್ತು ಉದ್ದ ಮಾಡಿ ನೋಡಿದೆವು. ಮರವಿದ್ದಲ್ಲಿ ಬಿಸಿಲು ಬಿದ್ದಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಕಾಡಿನಿಂದ ಏದುಸಿರು ಬಿಡುತ್ತ ಬಂದರು. ನಮ್ಮ ಹಿತ್ತಲಲ್ಲಿ, ಬೀಸುವ ಕಲ್ಲಿನ ಪಕ್ಕದಲ್ಲೇ ಒಂದು ಮರ ಬಂದು ನಿಂತಿದೆ, ಮೇಲೆ ಹಕ್ಕಿಯೂ ಇದೆ, ನನ್ನಂತೆಯೇ ಕೂಗುತ್ತಿದೆ ಎಂದರು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಹಿತ್ತಲಲ್ಲಿ ಮರ! ಇಷ್ಟು ವರ್ಷ ಬಾಯಿ ಕಟ್ಟಿ, ಚಹಾ ಎಣಿಸಿ ಕುಡಿದು ಸಣ್ಣದಾಗಿಟ್ಟುಕೊಂಡ ಹಿತ್ತಲು! ಕುರ್ಚಿಯಿಂದ ಚಂಗನೆ ಎದ್ದೆ ಕೂಡ. ಆಗ ಜಯಶೀಲಾ ನನ್ನ ಕೈ ಹಿಡಿದಳು. ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಚಿಗವ್ವಾ, ನೀವು ಕುಂತಿದ್ದಕ್ಕ ಹೋತು. ಒಂದು ಮರ ಕಮ್ಮಿ ಆತು."

ಸಕ್ಕರೆಯ ವಿಷಯದಲ್ಲಿ ನಮಗೆಲ್ಲ ಗೊತ್ತಿದ್ದದ್ದೇ ಅದು. ಬಳಸಿದವರ ಬೆನ್ನಿಗೆ ನೆಲ. ಆದರೆ ಕುರ್ಚಿಯಲ್ಲಿ ಅದು ಗೊತ್ತಾಗಬೇಕಾದರೆ ಯಾರಾದರೂ ಇನ್ನೊಬ್ಬರ ಕುರ್ಚಿಯ ಮೇಲೆ ಕೂಡಬೇಕಲ್ಲ? ನಾವು ಮರ್ಯಾದಸ್ಥರು, ಮಣೆ ಹೊತ್ತು ತಿರುಗುವವರು. ನಮ್ಮ ಮರ್ಯಾದೆ ಒಂದೇ ಮನೆಯ ಮೇಲೆ ಇಡೀ ಕಾಡನ್ನು ಹೇರಿ, ಪಕ್ಕದಲ್ಲೇ ಕೂತು ಅಯ್ಯೋ ಅನ್ನುತ್ತಿತ್ತು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮತ್ತೆ ಕೂತೆ, ಈ ಸಲ ಚೆನ್ನಾಗಿ ಬೆನ್ನು ಒರಗಿಸಿ.

ಜಯಶೀಲಾ ಕುರ್ಚಿಗಳನ್ನೆಲ್ಲ ಹಿಂದಕ್ಕೆಳೆದಳು. ಯಾರೂ ಏಳಲಿಲ್ಲ. ಎಲ್ಲರೂ ಮಲಕಾಜಪ್ಪನವರನ್ನು ನೋಡಿದರು. ಅವರು ಹತ್ತಿರದ ಕುರ್ಚಿಯನ್ನು, ಅದು ಕಚ್ಚೀತೇನೋ ಎನ್ನುವಂತೆ ನೋಡಿದರು.

"ಪರರ ಕುರ್ಚಿ ಮ್ಯಾಲ ನಾ ಹುಟ್ಟಿದಾಗಿಂದ ಕುಂತಿಲ್ಲವ್ವಾ," ಎಂದರು.

ಕಾಶವ್ವ ಬಾಗಿಲಿನಿಂದ ತಿರುಗಿದಳು. "ಕುಂತ್ರ ನಿಮ್ಮ ಹಿತ್ತಲಾಗ ಒಂದು ಮರ ಬರ್ತೈತಿ, ಅಜ್ಜಾರ. ಕೂಡದಿದ್ರ ನಾವು ಹೋಗ್ತೀವಿ."

ಅವಳು ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಮಲಕಾಜಪ್ಪನವರು ಎದ್ದರು. ಮೊದಲು ಕುರ್ಚಿಯ ತುದಿಗೆ ಕೂತರು, ಆಮೇಲೆ ಸ್ವಲ್ಪ ಹಿಂದೆ ಸರಿದರು, ಆಮೇಲೆ ಎರಡೂ ಕೈಯನ್ನು ಟೇಬಲ್ಲಿನ ಬಳ್ಳಿಯ ಮೇಲಿಟ್ಟು ಕಣ್ಣು ಮುಚ್ಚಿದರು. ಎಷ್ಟು ಸುಖವಾಗಿತ್ತೋ ಏನೋ, ತೆರೆಯಲು ಬಹಳ ಹೊತ್ತು ಹಿಡಿಯಿತು. ಹಿಂದೆ ಎಲೆಗಳು ಸರಬರ ಎಂದವು. ಅವರ ಸೊಸೆ ಮನೆಯಿಂದ ಓಡಿಬಂದು, ನುಗ್ಗೆಗಿಡದ ಮಗ್ಗುಲಿಗೆ ಮರ ಬಂದಿದೆ, ಒಂದಿಷ್ಟು ಮಳೆಯೂ ಬರುತ್ತಿದೆ ಎಂದಳು.

ಆಮೇಲೆ ಕುರ್ಚಿಗೆ ಪಾಳಿ ಹಚ್ಚಿದೆವು. ಒಬ್ಬರು ಏಳುವುದು, ಇನ್ನೊಬ್ಬರು ಕೂಡುವುದು. ಕೂತವರೆಲ್ಲ ಏನಾದರೂ ತಿನ್ನಲೇಬೇಕು, ಬರೀ ಕೂತರೆ ಬಳಸಿದಂತಲ್ಲ ಎಂದು ಜಯಶೀಲಾ ಹೊಸ ಕಟ್ಟಳೆ ಮಾಡಿದಳು. ಮನೆಯಲ್ಲಿದ್ದ ಶೇಂಗಾ ಉಂಡೆ ಮುಗಿದವು, ಚುರುಮುರಿ ಮುಗಿಯಿತು. ಒಂದೊಂದು ಮರವೂ ತನ್ನ ಪಾಲಿನ ನೆಲ ಕಟ್ಟಿಕೊಂಡು ಒಂದೊಂದು ಹಿತ್ತಲಿಗೆ ನಡೆಯಿತು. ಕಾಡು ತೆಳ್ಳಗಾಗುತ್ತ ಬಂತು. ಅದರ ಕಂಡಿಗಳಲ್ಲಿ ಮೊದಲು ನಮ್ಮ ಮನೆಯ ಹೊಗೆ ಕಾಣಿಸಿತು, ಆಮೇಲೆ ಗೋಡೆ, ಆಮೇಲೆ ಗೋಡೆಯ ಮೇಲೆ ನಾನು ಎಂದೋ ಮರೆತಿಟ್ಟಿದ್ದ ಬಟ್ಟಲು.

ಆದರೆ ತುತ್ತು ಊದದೆ ತಿಂದದ್ದಾಗಿತ್ತು. ಎಲ್ಲರೂ ಮತ್ತೆ ಮಲಕಾಜಪ್ಪನವರ ಮುಖ ನೋಡಿದರು. ಅವರು ಗಂಟಲು ಸರಿಮಾಡಿಕೊಂಡು, ಗಡಿಬಿಡಿಯಲ್ಲಿ ಉಪ್ಪು ಗೊತ್ತಾಗಲಿಲ್ಲ, ಉಪ್ಪು ಗೊತ್ತಾಗದೆ ತೀರ್ಪು ಹೇಳುವ ಪದ್ಧತಿ ತಮ್ಮ ಮನೆತನದಲ್ಲಿ ಇಲ್ಲ ಎಂದರು. ಇಂಥ ಪದ್ಧತಿಯನ್ನು ನಾವು ಅಂದೇ ಕೇಳಿದ್ದು. ನಾನು ಮನೆಗೆ ಹೋದೆ, ಒಲೆಯ ಮೇಲೆ ಉಳಿದಿದ್ದ ಎಣಗಾಯಿಯನ್ನು ಮತ್ತೆ ಕುದಿಸಿ ಬಟ್ಟಲಿಗೆ ಹಾಕಿದೆ, ಗೋಡೆಯ ಮೇಲಿಂದ ಕಾಶವ್ವನ ಕೈಗೆ ಕೊಟ್ಟೆ. ಮಲಕಾಜಪ್ಪನವರು ಒಂದು ತುತ್ತು ಎತ್ತಿ ಊದಿದರು. ಮತ್ತೆ ಊದಿದರು. ಕಾಶವ್ವ ನೆಲಕ್ಕೆ ಕೂತು ಅತ್ತಳು, ಆಮೇಲೆ ಎದ್ದು ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದು ನನಗೆ ಹೇಳಿದಳು.

ಈಗ ಓಣಿಯ ಪ್ರತಿ ಹಿತ್ತಲಲ್ಲೂ ಟೇಬಲ್ ಮರ ಇದೆ. ಅದಕ್ಕೆ ಬೇರೆ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಅದರ ನೆರಳಿನಲ್ಲಿ ಮೆಣಸಿನಕಾಯಿ ಒಣಗುವುದಿಲ್ಲ, ಬೇಸಿಗೆಯಲ್ಲಿ ಮಂಚ ಹಾಕಲು ಚೆನ್ನ. ನಮ್ಮ ಹಿತ್ತಲು ಓಣಿಯಲ್ಲೇ ಸಣ್ಣದು ಎಂದು ಈಗ ಹೇಳುವಂತಿಲ್ಲ, ಎಲ್ಲರದೂ ಒಂದೇ. ಆ ಹೆಮ್ಮೆ ಹೋದದ್ದು ನನಗೆ ಇಂದಿಗೂ ಒಂದಿಷ್ಟು ಚುಚ್ಚುತ್ತದೆ. ಬಳಸುವುದು ಬಿಟ್ಟರೆ ಮರಗಳು ಮತ್ತೆ ಕಾಶವ್ವನ ಹಿತ್ತಲಿಗೇ ಹೋಗುತ್ತವಲ್ಲ, ಹಾಗಾಗಿ ಓಣಿಯವರೆಲ್ಲ ಆಗಾಗ ಹೋಗಿ ಕೂಡಲೇಬೇಕು. ಹಪ್ಪಳ ಲಟ್ಟಿಸುವುದು ಅಲ್ಲೇ, ಕಾಯಿಪಲ್ಯ ಸೋಸುವುದು ಅಲ್ಲೇ, ಜಗಳ ತೀರುವುದು ಅಲ್ಲೇ. ಕೆಲವು ಸಲ ಜಗಳ ಹುಟ್ಟುವುದೂ ಅಲ್ಲೇ.

ಮುಂದಿನ ಸುಗ್ಗಿಗೆ ಮೌನೇಶಪ್ಪನವರು ಮಗಳನ್ನು ನೋಡಲು ಬಂದರು. ಟೇಬಲ್ಲಿನ ಕಾಲು ಅಲುಗಾಡುತ್ತಿದೆಯೋ ನೋಡಿ ಹೋಗುವೆನೆಂದು ಬಂದದ್ದಂತೆ. ಒಳಗೆ ಬಂದು ನಿಂತರು. ಒಂದು ಕಡೆ ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು, ಒಂದು ಕಡೆ ನಾನು ಚವಳಿಕಾಯಿ ಮುರಿಯುತ್ತಿದ್ದೆ, ತುದಿಯ ಕುರ್ಚಿಯಲ್ಲಿ ಮಲಕಾಜಪ್ಪನವರು ಹಕ್ಕಿಗೆ ಬೆನ್ನು ಒರಗಿಸಿ ಗೊರಕೆ ಹೊಡೆಯುತ್ತಿದ್ದರು. ಟೇಬಲ್ಲು ಮಾಡಿದವರಿಗೆ ಟೇಬಲ್ಲಿನಲ್ಲಿ ಜಾಗವಿರಲಿಲ್ಲ. ಜಯಶೀಲಾ ನಾಚಿ ನೀರಾದಳು. ನಾವು ಏಳಲು ಹೋದರೆ ಮೌನೇಶಪ್ಪನವರು ಬೇಡವೆಂದು ಕೈಯಾಡಿಸಿದರು. ರೂಢಿ ಬಿಡದೆ ನಾನು ಬಗಲಲ್ಲಿ ತಂದಿದ್ದ ಮಣೆಯನ್ನೇ ಅವರಿಗೆ ಕೊಟ್ಟೆ.

ಅವರು ಅದರ ಮೇಲೆ ಕೂಡುವ ಮೊದಲು ಬೋರಲು ಹಾಕಿ ನೋಡಿದರು. ನಡುಗುವ ಬೆರಳಿನಿಂದ ಕೀಲುಗಳನ್ನು ಮುಟ್ಟಿದರು, ಕಾಲುಗಳನ್ನು ಒಂದೊಂದಾಗಿ ಅಲುಗಿಸಿದರು. ಈರಣ್ಣ ಕದದ ಹಿಂದೆ ಸರಿದ.

"ಇದನ್ನ ಯಾರು ಮಾಡ್ಯಾರ?"

"ನಿಮ್ಮ ಅಳಿಯಾನ," ಎಂದಳು ಕಾಶವ್ವ.

ಅವರು ಮಣೆಯನ್ನು ನೆಟ್ಟಗೆ ಇಟ್ಟು, ಪೂರ್ತಿ ಭಾರ ಬಿಟ್ಟು ಕೂತರು. ನಾನು ಗೋಡೆಯಾಚೆ ಹೋಗಿ ಒಲೆಯಿಂದ ಪಲ್ಯ ಇಳಿಸಿದೆ, ಕಾಶವ್ವ ಗೋಡೆಯ ಮೇಲಿಂದ ಬಟ್ಟಲು ಎತ್ತಿಕೊಂಡು ಒಯ್ದು ಅವರ ಮುಂದಿಟ್ಟಳು. ಮೌನೇಶಪ್ಪನವರು ತುತ್ತನ್ನು ಬಾಯ ಹತ್ತಿರ ಒಯ್ದರು, ತಡೆದರು, ಊದಿದರು. ಮಲಕಾಜಪ್ಪನವರು ಕಣ್ಣು ತೆರೆದು, ಯಾರೂ ಕೇಳದಿದ್ದರೂ, "ಓಣಿಯವರು" ಎಂದು ಹೇಳಿ ಮತ್ತೆ ನಿದ್ದೆಹೋದರು.